ಅರವತ್ತೊಂದನೆಯ ಪುಟದ ಮುದ್ರೆ

"ಅರವತ್ತೊಂದು ತೆಗೀರಿ," ಎಂದರು ಸೀತಾಮಹಾಲಕ್ಷ್ಮಿ.

ಹೇಮಾಕ್ಷಿ ತೆಗೆದಳು. ಮಣ್ಣಿನ ತೇವಾಂಶದ ಒಂದು ಕೋಷ್ಟಕ, ಅದರ ಕೆಳಗೆ ನಾಲ್ಕು ಬೆರಳಗಲ ಖಾಲಿ ಜಾಗ. ಆ ಜಾಗದಲ್ಲಿ ಇರಬೇಕಾದದ್ದು ಇರಲಿಲ್ಲ.

"ಏನಾದರೂ ಕಂಡಿತಾ ಅಮ್ಮಾ?"

"ಇಲ್ಲ."

"ನಾನು ಪತ್ರದಲ್ಲಿ ಬರೆದದ್ದೂ ಅದನ್ನೇ."

ಮಾತು ತೆಲುಗಿನಲ್ಲಿ ನಡೆದಿತ್ತು. ಹೇಮಾಕ್ಷಿ ಅರಸೀಕೆರೆಯವಳು. ನೌಕಾಪಡೆಯ ಗಂಡನ ಹಿಂದೆ ವಿಶಾಖಪಟ್ಟಣಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಅಷ್ಟರಲ್ಲಿ ಆಕೆಯ ತೆಲುಗು ತರಕಾರಿ ಅಂಗಡಿಯನ್ನು ದಾಟಿ ಜಗಳವಾಡುವ ಮಟ್ಟಕ್ಕೆ ಬಂದಿತ್ತು. ಪೆಂಡುರ್ತಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಕೆ ಗ್ರಂಥಪಾಲಕಿ. ಎದುರಿಗೆ ಕುಳಿತಿದ್ದ ಸೀತಾಮಹಾಲಕ್ಷ್ಮಿಯವರೂ ಗ್ರಂಥಪಾಲಕಿಯೇ, ವಿಜಯವಾಡದ ಇನ್ನೊಂದು ಕಾಲೇಜಿನಲ್ಲಿ. ಅವರಿಗೆ ಮಾರ್ಚಿನಲ್ಲಿ ನಿವೃತ್ತಿ.

ಇಬ್ಬರ ನಡುವೆ ಮೇಜಿನ ಮೇಲೆ ಕಪ್ಪು ರಟ್ಟಿನ ಒಂದು ಪ್ರಬಂಧವಿತ್ತು. ವಿ. ಶಾರದಾ ಎಂಬ ಎಂ.ಟೆಕ್. ವಿದ್ಯಾರ್ಥಿನಿ ೧೯೮೬ರಲ್ಲಿ ಬರೆದದ್ದು, ಕೆಂಪು ಮಣ್ಣಿನ ಗುಡ್ಡಗಳಲ್ಲಿ ಅಡಿಪಾಯ ಹಾಕುವುದನ್ನು ಕುರಿತು. ಸೆಪ್ಟೆಂಬರಿನಲ್ಲಿ ಅದು ವಿಶಾಖಪಟ್ಟಣಕ್ಕೆ ಎರವಲು ಹೋಗಿ, ನವೆಂಬರಿನಲ್ಲಿ ಮರಳಿತ್ತು. ಮರಳಿದ್ದು ತಮ್ಮದಲ್ಲ ಎಂದು ಹತ್ತು ದಿನದ ಹಿಂದೆ ಸೀತಾಮಹಾಲಕ್ಷ್ಮಿ ಪತ್ರ ಬರೆದಿದ್ದರು.

ಗ್ರಂಥಾಲಯದವರಲ್ಲಿ ಒಂದು ಹಳೆಯ ರೂಢಿಯಿದೆ. ಪುಸ್ತಕ ಬಂದಾಗ ಮೊದಲ ಹಾಳೆಗೆ ಎಲ್ಲರ ಕಣ್ಣಿಗೂ ಬೀಳುವಂತೆ ಮುದ್ರೆ ಒತ್ತುತ್ತಾರೆ. ಆಮೇಲೆ ಒಳಗೆಲ್ಲೋ ಒಂದು ಪುಟದಲ್ಲಿ, ಸದ್ದಿಲ್ಲದೆ, ಇನ್ನೊಂದು ಒತ್ತಿ ಪುಸ್ತಕದ ನಂಬರು ಬರೆಯುತ್ತಾರೆ. ಯಾವ ಪುಟ ಎಂಬುದು ಆ ಗ್ರಂಥಾಲಯದ ಗುಟ್ಟು. ಕದ್ದವರು ಮೊದಲ ಹಾಳೆ ಹರಿದರೂ ಪುಸ್ತಕ ತಾನು ಯಾರ ಮನೆಯದೆಂದು ಹೇಳಬೇಕು. ವಿಜಯವಾಡದ ಗುಟ್ಟು ಅರವತ್ತೊಂದು.

"ಬೇರೆ ಎಲ್ಲಾ ಸರಿಯಾಗಿದೆಯಲ್ಲ?" ಹೇಮಾಕ್ಷಿ ಮೊದಲ ಹಾಳೆಗೆ ಮರಳಿದಳು. "ಇಲ್ಲಿ ಮುದ್ರೆ ಇದೆ. ನಂಬರಿದೆ. ತಾರೀಖಿನ ಚೀಟಿ ಇದೆ."

"ಇದೆ. ಅದಕ್ಕೇ ಹೇಳೋದು, ನಿಮ್ಮ ಹುಡುಗಿ ಜಾಣೆ."

ಆ ಹುಡುಗಿ ಎಂದರೆ ಮಾನಸ. ಸಿವಿಲ್ ಅಂತಿಮ ವರ್ಷ. ಪ್ರಬಂಧವನ್ನು ಹೆಸರು ಹಿಡಿದು ಕೇಳಿ ತರಿಸಿಕೊಂಡವಳು ಅವಳೇ. ಈಗ ಅವಳಿಗೆ ಗ್ರಂಥಾಲಯಕ್ಕೆ ಬಾಕಿಯಿಲ್ಲವೆಂಬ ನೋ ಡ್ಯೂಸ್ ಚೀಟಿ ಕೊಡಕೂಡದೆಂದು ವಿಭಾಗದ ಮುಖ್ಯಸ್ಥರ ಅಪ್ಪಣೆಯಾಗಿತ್ತು. ಆ ಚೀಟಿ ಇಲ್ಲದೆ ಹಾಲ್ ಟಿಕೆಟ್ ಇಲ್ಲ. ಇವತ್ತು ಶುಕ್ರವಾರ, ಮೊದಲ ಪರೀಕ್ಷೆ ಸೋಮವಾರ.

ಹೇಮಾಕ್ಷಿ ಸುಮ್ಮನೆ ಸುತ್ತ ನೋಡಿದಳು. ಈ ಗ್ರಂಥಾಲಯ ಕೊಡುವ ಸೌಲಭ್ಯಗಳನ್ನೆಲ್ಲ ಬಾಗಿಲ ಪಕ್ಕದ ಹಲಗೆಯ ಮೇಲೆ ಬರೆಸಿದ್ದರು: ಬುಕ್ ಬ್ಯಾಂಕ್, ಜೆರಾಕ್ಸ್, ಇಂಟರ್ನೆಟ್ ಕೋಣೆ, ಪರ ಊರಿನ ಗ್ರಂಥಾಲಯಗಳಿಂದ ಎರವಲು. ವಿದ್ಯಾರ್ಥಿಗಳು ನಿಜವಾಗಿ ಬಳಸುತ್ತಿದ್ದದ್ದು ಎರಡನ್ನು, ಹಳೆಯ ಪ್ರಶ್ನೆಪತ್ರಿಕೆಗಳು ಮತ್ತು ಫ್ಯಾನು. ಎರಡನೆಯದು ಹಲಗೆಯ ಮೇಲಿರಲಿಲ್ಲ. ಫ್ಯಾನಿನ ಕೆಳಗಿನ ಮೂರು ಮೇಜುಗಳಲ್ಲಿ ಒಂದಿಡೀ ತರಗತಿ ಕುಳಿತಿತ್ತು. ಉಳಿದ ಹದಿನಾಲ್ಕು ಮೇಜುಗಳಲ್ಲಿ ವಿಜಯವಾಡದ ಸೆಖೆ ಕುಳಿತಿತ್ತು.

ಅವಳ ಬೆರಳು ಮೊದಲ ಹಾಳೆಯ ಬೆನ್ನನ್ನು ಸವರುತ್ತಿತ್ತು. ಅಭ್ಯಾಸಬಲ. ಟೈಪ್‌ರೈಟರಿನ ಅಕ್ಷರಗಳು ಕಾಗದವನ್ನು ಕುಟ್ಟಿ ಹಿಂದೆ ಗುಳ್ಳೆ ಎಬ್ಬಿಸಿದ್ದವು. ಎರಡನೆಯ ಹಾಳೆ ಸವರಿದಳು. ನುಣುಪು. ಮೂರನೆಯದು, ನುಣುಪು. ಹತ್ತನೆಯದೂ ನುಣುಪು. ಅಕ್ಷರಗಳಿಗೆ ನೀಲಿ ಛಾಯೆ, ಅಂಚು ಮಸುಕು.

"ಮೇಡಂ, ಮೊದಲ ಹಾಳೆ ಮೇಲ್ಪ್ರತಿ, ಟೈಪ್‌ರೈಟರ್ ನೇರವಾಗಿ ಹೊಡೆದದ್ದು. ಮಿಕ್ಕಿದ್ದೆಲ್ಲಾ ಕಾರ್ಬನ್ ಪ್ರತಿ."

ಸೀತಾಮಹಾಲಕ್ಷ್ಮಿ ಕನ್ನಡಕ ಏರಿಸಿ ತಾವೂ ಸವರಿ ನೋಡಿದರು.

"ನಿಮ್ಮ ರಿಜಿಸ್ಟರಿನಲ್ಲಿ ಏನಂತಿದೆ?"

ರಿಜಿಸ್ಟರು ಬಂತು. ೧೯೮೬ರ ನೀಲಿ ಇಂಕಿನಲ್ಲಿ ಸ್ಪಷ್ಟವಾಗಿತ್ತು: ಮೇಲ್ಪ್ರತಿ, ನೂರ ಮೂವತ್ತೊಂದು ಪುಟ. ಹೇಮಾಕ್ಷಿ ಪ್ರಬಂಧದ ಕೊನೆಯ ಹಾಳೆ ತಿರುವಿದಳು. ನೂರ ಹನ್ನೆರಡು.

"ಹತ್ತೊಂಬತ್ತು ಪುಟ ಕಮ್ಮಿ," ಎಂದಳು. "ಆ ಕಾಲದಲ್ಲಿ ಒಂದು ಪ್ರಬಂಧಕ್ಕೆ ಎಷ್ಟು ಪ್ರತಿ ಹೊಡೀತಿದ್ರು?"

"ಐದು. ನಮಗೊಂದು, ಯೂನಿವರ್ಸಿಟಿಗೊಂದು, ಡಿಪಾರ್ಟ್‌ಮೆಂಟಿಗೊಂದು, ಗೈಡಿಗೊಂದು, ಬರೆದವರಿಗೊಂದು."

"ಇಪ್ಪತ್ತು ವರ್ಷದ ಕಾರ್ಬನ್ ಪ್ರತಿ ನಮ್ಮ ಹುಡುಗಿಗೆ ಎಲ್ಲಿ ಸಿಗುತ್ತೆ? ಸಿಕ್ಕಿದ್ರೆ, ಅದನ್ನೇ ಇಟ್ಕೊಂಡು ಓದ್ತಿದ್ಲು. ನಿಮ್ಮದನ್ನ ಯಾಕೆ ತರಿಸ್ತಿದ್ಲು?"

"ಅದು ನನಗೆ ಗೊತ್ತಿಲ್ಲಮ್ಮಾ. ನಮ್ಮಿಂದ ಹೋಗುವಾಗ ಸರಿಯಾಗಿತ್ತು. ಬರುವಾಗ ಸರಿಯಿಲ್ಲ."

"ಹೋಗುವಾಗ ಸರಿಯಾಗಿತ್ತು ಅಂತ ಯಾರು ನೋಡಿದ್ರು?"

ಸೀತಾಮಹಾಲಕ್ಷ್ಮಿ ಫೈಲಿನಿಂದ ಎರವಲು ಫಾರಂ ತೆಗೆದು ಮುಂದಿಟ್ಟರು. ಗುಟ್ಟಿನ ಪುಟ ಪರೀಕ್ಷಿಸಿದೆ ಎಂಬ ಸಾಲಿನ ಎದುರಿಗೆ ಒಂದು ಟಿಕ್, ಕೆಳಗೆ ಅವರ ಸಹಿ.

"ನೋಡಿದ್ರಾ ಮೇಡಂ? ನಿಜವಾಗಿ ಪುಟ ತೆಗೆದು?"

ಫ್ಯಾನಿನ ಕೆಳಗೆ ಯಾರೋ ನಕ್ಕರು. ಸೀತಾಮಹಾಲಕ್ಷ್ಮಿ ಆ ಕಡೆಗೊಮ್ಮೆ ಗದರುವಂತೆ ನೋಡಿ, ಈ ಕಡೆ ತಿರುಗಿದಾಗ ದನಿ ಇಳಿದಿತ್ತು.

"ನೀವು ನೋಡ್ತೀರಾ?"

ಹೇಮಾಕ್ಷಿ ಪ್ರಾಮಾಣಿಕವಾಗಿ ತಲೆ ಅಲ್ಲಾಡಿಸಿದಳು. ಯಾರೂ ನೋಡುವುದಿಲ್ಲ. ವರ್ಷಕ್ಕೊಮ್ಮೆ ಪುಸ್ತಕಗಳ ತಪಾಸಣೆ ನಡೆಯುತ್ತದೆ. ಒಬ್ಬರು ಕಪಾಟಿನ ಮುಂದೆ ನಿಂತು ಬೆನ್ನಿನ ಮೇಲಿನ ನಂಬರು ಕೂಗುತ್ತಾರೆ, ಇನ್ನೊಬ್ಬರು ಸ್ಟೂಲಿನ ಮೇಲೆ ಕುಳಿತು ಟಿಕ್ ಹಾಕುತ್ತಾರೆ. ಮೂವತ್ತು ಸಾವಿರ ಪುಸ್ತಕದ ಒಳಗೆ ಬೆರಳಿಡಲು ಯಾವ ಕಾಲೇಜೂ ಸಂಬಳ ಕೊಡುವುದಿಲ್ಲ. ಗುಟ್ಟಿನ ಪುಟ ಎಷ್ಟು ಗುಟ್ಟೆಂದರೆ ಗ್ರಂಥಾಲಯದವರೇ ಅದನ್ನು ಮತ್ತೆ ನೋಡಿರುವುದಿಲ್ಲ.

"ಹಾಗಾದ್ರೆ ವಾಪಸು ಬಂದಾಗ ಹೇಗೆ ನೋಡಿದ್ರಿ?"

"ನಾನೆಲ್ಲಿ ನೋಡಿದೆ? ಹೊಸದಾಗಿ ಒಬ್ಬಳು ಸಹಾಯಕಿ ಸೇರಿದ್ದಾಳೆ. ಈಗಷ್ಟೇ ಕೋರ್ಸು ಮುಗಿಸಿದವಳು. ಪಾಠದಲ್ಲಿ ಓದಿದ್ದನ್ನ ನಂಬಿ ಪುಟ ತೆಗೆದಳು." ಅವರ ಮಾತಿನಲ್ಲಿ ಆ ಹುಡುಗಿಯ ಮೇಲೆ ಮೆಚ್ಚುಗೆಯಿರಲಿಲ್ಲ.

"ಅಂದ್ರೆ ಈ ಕಾರ್ಬನ್ ಪ್ರತಿ ಎಷ್ಟು ವರ್ಷದಿಂದ ನಿಮ್ಮ ಕಪಾಟಿನಲ್ಲಿ ಇತ್ತೋ ಯಾರಿಗೂ ಗೊತ್ತಿಲ್ಲ. ಇದನ್ನ ಒಂದು ಹಾಳೆಯಲ್ಲಿ ಬರೆದುಕೊಡಿ ಮೇಡಂ. ಹುಡುಗಿ ಪರೀಕ್ಷೆ ಬರೀತಾಳೆ."

"ಟಿಕ್ ಸುಳ್ಳು ಅಂತ ನಾನೇ ಬರೀಬೇಕಾ? ಮಾರ್ಚಿನಲ್ಲಿ ರಿಟೈರ್ ಆಗೋಳು ನಾನು." ಅವರು ರಿಜಿಸ್ಟರು ಮುಚ್ಚಿದರು. "ನಮ್ಮ ಪ್ರತಿ ತಂದುಕೊಡಿ. ಅರವತ್ತೊಂದರ ಮೇಲೆ ನಮ್ಮ ಮುದ್ರೆ ತೋರಿಸಿ. ಆವಾಗ ನೀವು ಹೇಳಿದ ಹಾಗೆ ಬರೆದುಕೊಡ್ತೀನಿ."

ಹೇಮಾಕ್ಷಿ ಏಳುವ ಮುಂಚೆ ಕಾರ್ಬನ್ ಪ್ರತಿಯ ಮೊದಲ ಹಾಳೆಯನ್ನು ಮತ್ತೊಮ್ಮೆ ಓದಿದಳು. ಬರೆದವರ ಹೆಸರಿನ ಕೆಳಗೆ ಗೈಡಿನ ಹೆಸರಿತ್ತು. ಡಾ. ಓಂಕಾರಪ್ಪ.

ಈಗ ಅವರು ವಿಶಾಖಪಟ್ಟಣದಲ್ಲಿದ್ದರು. ಹೇಮಾಕ್ಷಿಯ ಕಾಲೇಜಿನಲ್ಲೇ, ಸಿವಿಲ್ ವಿಭಾಗದ ಮುಖ್ಯಸ್ಥರು. ಮಾನಸಳಿಗೆ ಚೀಟಿ ಕೊಡಬೇಡಿ ಎಂದು ಅಪ್ಪಣೆ ಮಾಡಿದವರು.

*

"ಬರ್ರಿ ಹೇಮಾಕ್ಷಿಯವ್ರೇ. ಕೂತ್ಕಳ್ರಿ. ಶನಿವಾರವೂ ಲೈಬ್ರರಿ ಬಿಡೋಲ್ಲ ಅಂತೀರಲ್ಲ."

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಎರಡನೆಯ ಮಹಡಿಯ ಆ ಮನೆಯಲ್ಲಿ ಓಂಕಾರಪ್ಪನವರು ಒಬ್ಬರೇ ಇದ್ದರು. ದಾವಣಗೆರೆಯ ಕಡೆಯವರು, ಹೆಂಡತಿ ಮಕ್ಕಳು ಅಲ್ಲೇ. ತೋಳಿಲ್ಲದ ಬನಿಯನ್ನಿನ ಮೇಲೆ ಒಂದು ಟವೆಲು ಹೊದ್ದು, ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯನ ನಿಧಾನದಲ್ಲಿ ಮಾತಾಡುತ್ತಿದ್ದರು. ಗೋಡೆಯುದ್ದಕ್ಕೂ ತೆರೆದ ಕಪಾಟು, ಅದರ ತುಂಬ ಪುಸ್ತಕ.

"ವಿಜಯವಾಡಕ್ಕೆ ಹೋಗಿದ್ರಂತೆ."

"ಹೋಗಿ ಬೆಳಿಗ್ಗೆ ಬಂದೆ ಸಾರ್. ಆ ಪ್ರಬಂಧಕ್ಕೆ ನೀವೇ ಗೈಡು ಅಂತ ಅಲ್ಲಿ ಗೊತ್ತಾಯ್ತು."

"ಹೂಂ, ಶಾರದಾ. ಒಳ್ಳೇ ಹುಡುಗಿ. ಸ್ವಲ್ಪ ಹಟ."

"ನಿಮ್ಮ ಹತ್ತಿರ ಗೈಡ್ ಪ್ರತಿ ಇರಬೇಕಲ್ಲ. ಹೋಲಿಸಿ ನೋಡಬೇಕಿತ್ತು."

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಅದು ಹೇಮಾಕ್ಷಿಗೆ ಕುತೂಹಲ ಹುಟ್ಟಿಸಿತು. "ಐತಲ್ಲ. ಅಗೋ, ಮೂರನೇ ಸಾಲು. ನೀವೇ ತಗೊಳ್ರಿ."

ಅವಳು ತೆಗೆದಳು. ಕಪ್ಪು ರಟ್ಟು. ಬೆನ್ನಿನ ಮೇಲೆ ಚೀಟಿಯಿಲ್ಲ, ಒಳಗೆ ತಾರೀಖಿನ ಚೀಟಿಯಿಲ್ಲ, ಮೊದಲ ಹಾಳೆಯ ಮೇಲೆ ಮುದ್ರೆಯಿಲ್ಲ. ಆ ಹಾಳೆ ನುಣುಪಾಗಿತ್ತು. ಎರಡನೆಯದರ ಬೆನ್ನಿಗೆ ಬೆರಳಿಟ್ಟಳು. ಗುಳ್ಳೆ.

ಅರವತ್ತೊಂದು ತೆಗೆದಳು.

ಕೋಷ್ಟಕದ ಕೆಳಗೆ, ನಾಲ್ಕು ಬೆರಳಗಲ ಜಾಗದ ನಡುವೆ, ನೇರಳೆ ಬಣ್ಣದ ದುಂಡು ಮುದ್ರೆ ಕುಳಿತಿತ್ತು. ವಿಜಯವಾಡದ ಕಾಲೇಜಿನ ಹೆಸರು, ಅದರೊಳಗೆ ನಂಬರು.

"ಸಾರ್, ಇದನ್ನ ನೋಡಿದೀರಾ?"

ಓಂಕಾರಪ್ಪನವರು ಎದ್ದು ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಏನಿದು?"

"ಗ್ರಂಥಾಲಯದ ಗುಟ್ಟಿನ ಮುದ್ರೆ. ಪ್ರತಿ ಪುಸ್ತಕದಲ್ಲೂ ಇರುತ್ತೆ."

"ಪ್ರತಿ ಪುಸ್ತಕದಲ್ಲೂ." ಅವರು ಮತ್ತೆ ಕುಳಿತರು. "ಮೂವತ್ತು ವರ್ಷ ನಿಮ್ಮಂಥವರ ಹತ್ರ ಪುಸ್ತಕ ತಗೊಂಡು ಓದೀನಿ. ಒಬ್ಬರಾದ್ರೂ ಹೇಳ್ಬಾರ್ದಾ?"

"ಹೇಳಿದ್ರೆ ಗುಟ್ಟು ಹೇಗಾಗುತ್ತೆ ಸಾರ್."

ಅವರಿಗೆ ನಗು ಬಂತು. ನಿಜವಾದ ನಗು, ಅದರಲ್ಲಿ ಅರ್ಧ ಮೆಚ್ಚುಗೆಯೂ ಇತ್ತು. ಹೇಮಾಕ್ಷಿ ನಗಲಿಲ್ಲ, ಕೊನೆಯ ಪುಟಗಳನ್ನು ತಿರುವಿ ನೋಡಿದಳು.

"ನಿಮ್ಮ ಕಾರ್ಬನ್ ಪ್ರತಿಗೆ ಲೈಬ್ರರಿಯ ಮೊದಲ ಹಾಳೆ ಹೊಲಿಸಿ ಅಲ್ಲಿಟ್ರಿ. ಅವರ ಮೇಲ್ಪ್ರತಿ ಇಲ್ಲಿಟ್ಕೊಂಡ್ರಿ. ಅಲ್ಲಿರೋದ್ರಲ್ಲಿ ಹತ್ತೊಂಬತ್ತು ಪುಟ ಇಲ್ಲ. ಇದರಲ್ಲಿ ಕೊನೆಗೆ ಆರನೇ ಅಧ್ಯಾಯ ಅಂತ ಒಂದಿದೆ, ಸರಿಯಾಗಿ ಹತ್ತೊಂಬತ್ತು ಪುಟ."

"ಅದು ತಪ್ಪಿತ್ತು ಕಣ್ರಿ."

"ಏನು?"

"ಆ ಅಧ್ಯಾಯ. ಲೆಕ್ಕಾಚಾರ ತಪ್ಪು. ಗೈಡ್ ಅಂತ ನನ್ನ ಹೆಸರು ಐತೆ. ನಾಳೆ ಯಾರೋ ಅದನ್ನ ಓದಿ ಕಟ್ಟಡ ಕಟ್ಟಿದ್ರೆ? ತೆಗೆದೆ. ಕದ್ದೆ ಅನ್ಬೇಡ್ರಿ, ತಿದ್ದಿದೆ ಅನ್ರಿ."

"ತಿದ್ದೋಕೆ ಪೆನ್ನು ಸಾಕಿತ್ತಲ್ಲ ಸಾರ್. ಬೈಂಡರ್ ಯಾಕೆ ಬೇಕಾಯ್ತು? ಅಷ್ಟಾದ ಮೇಲೆ ಆ ತಪ್ಪಿನ ಅಧ್ಯಾಯವನ್ನ ಇಷ್ಟು ಜೋಪಾನವಾಗಿ ಯಾಕೆ ಇಟ್ಕೊಂಡ್ರಿ?"

ಅವರು ಟೀಪಾಯಿಯ ಮೇಲಿನ ಪೇಪರುಗಳ ಕೆಳಗಿನಿಂದ ಒಂದು ಮಡಿಸಿದ ಹಾಳೆ ಎಳೆದು ಕೊಟ್ಟರು.

"ನೀವು ರೈಲಿನಲ್ಲಿದ್ದಾಗ ನಿನ್ನೆ ಸಾಯಂಕಾಲ ಇದು ಬಂತು. ಓದ್ರಿ."

ಮಾನಸಳ ಗುಂಡು ಅಕ್ಷರ. ವಿಜಯವಾಡದ ಪ್ರಬಂಧವನ್ನು ಬದಲಾಯಿಸಿದ್ದು ನಾನೇ, ಮೂಲ ಪ್ರತಿಯನ್ನು ತಮಗೆ ಒಪ್ಪಿಸಿದ್ದೇನೆ, ಕ್ಷಮಿಸಬೇಕು. ಕೆಳಗೆ ಸಹಿ, ತಾರೀಖು.

ಹೇಮಾಕ್ಷಿ ಎರಡು ಸಲ ಓದಿದಳು. "ನೀವು ಬರೆಸಿದ್ರಾ?"

"ನಾನ್ಯಾಕೆ ಬರೆಸಲಿ? ತಾನಾಗೇ ಬಂದ್ಲು. ಕೂತು ಬರೆದು ಕೊಟ್ಟು ನಮಸ್ಕಾರ ಮಾಡಿ ಹೋದ್ಲು. ನನಗೇ ಅರ್ಥ ಆಗಲಿಲ್ಲ." ಈ ಒಂದು ಮಾತು ಸುಳ್ಳಲ್ಲ ಎನಿಸಿತು ಅವಳಿಗೆ. "ಈಗ ಕೇಳ್ರಿ. ಪುಸ್ತಕ ನಿಮ್ಮ ಕೈಯಾಗೈತೆ. ತಗೊಂಡು ಹೋಗ್ರಿ. ವಿಜಯವಾಡದ ಅಮ್ಮನಿಗೆ ಅವರ ಮುದ್ರೆ ಸಿಗುತ್ತೆ. ಹುಡುಗಿ ತಪ್ಪೊಪ್ಪಿದಾಳೆ, ಚಿಕ್ಕವಳು, ಮನ್ನಿಸಿ ಅಂತ ಪ್ರಿನ್ಸಿಪಾಲರಿಗೆ ನಾನೇ ಹೇಳ್ತೀನಿ. ಇವತ್ತು ಮೂರು ಗಂಟೆಗೆ ಹಾಲ್ ಟಿಕೆಟ್ ಅವಳ ಕೈಲಿ. ಯಾರಿಗೆ ನಷ್ಟ?"

ಯಾರಿಗೂ ಇಲ್ಲ. ಅದೇ ಅವಳಿಗೆ ಸರಿಬೀಳಲಿಲ್ಲ.

"ಒಂದು ಚೀಲ ತರ್ತೀನಿ ತಡೀರಿ. ಮಳೆ ಮೋಡ ಐತೆ." ಅವರು ಒಳಗೆ ಹೋದರು. ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು ಕೇಳಿಸಿತು.

ಹೇಮಾಕ್ಷಿ ಪ್ರಬಂಧವನ್ನು ತಿರುಗಿಸಿದಳು. ಹಿಂದಿನ ರಟ್ಟಿನಲ್ಲಿ ಗುಂಡುಸೂಜಿಯ ತಲೆಯಷ್ಟು ಒಂದು ತೂತು. ಪುಸ್ತಕದ ಹುಳು. ಮುಂದಿನ ರಟ್ಟಿನಲ್ಲೂ ಅದೇ ಎತ್ತರದಲ್ಲಿ ಇನ್ನೊಂದು. ಮೊಬೈಲಿನ ಟಾರ್ಚು ಹಾಕಿ ಕಪಾಟಿನ ಸಂದಿಗೆ ಹಿಡಿದಳು. ಎಡಗಡೆಯ ಪುಸ್ತಕದ ರಟ್ಟಿನಲ್ಲಿ ತೂತು. ಬಲಗಡೆಯದರಲ್ಲೂ ತೂತು. ಪ್ರಬಂಧವನ್ನು ಅರ್ಧ ಒಳಗೆ ತಳ್ಳಿ ನೋಡಿದರೆ ಮೂರರ ತೂತುಗಳೂ ಒಂದೇ ಎತ್ತರದಲ್ಲಿದ್ದವು.

ಹುಳು ಒಂದು ಪುಸ್ತಕದಿಂದ ಮತ್ತೊಂದಕ್ಕೆ ಹೋಗುವಾಗ ನಡುವಿನದನ್ನು ಹಾರಿಕೊಂಡು ಹೋಗುವುದಿಲ್ಲ. ಮೂರು ದಪ್ಪ ಪುಸ್ತಕ ಕೊರೆಯಲು ಅದಕ್ಕೆ ವರ್ಷಗಳೇ ಬೇಕು. ಅಷ್ಟೂ ವರ್ಷ ಈ ಪ್ರಬಂಧ ಈ ಎರಡರ ನಡುವೆ ನಿಂತಿತ್ತು. ಮಾನಸ ಮೊನ್ನೆ ತಂದು ಒಪ್ಪಿಸಿದ್ದಲ್ಲ.

ಅವಳು ಮಾನಸಳ ನಂಬರು ಒತ್ತಿದಳು.

"ಮೇಡಂ?"

"ಮೂಲ ಪ್ರತಿ ಸಿಕ್ತು ಕಣಮ್ಮ. ಓಂಕಾರಪ್ಪ ಸಾರ್ ಮನೇಲಿದೀನಿ. ನಿನ್ನ ಕಾಗದಾನೂ ನೋಡಿದೆ, ಅದೇನು ಹುಚ್ಚಾಟ? ಇರಲಿ, ಪುಸ್ತಕ ತಗೊಂಡು ಹೊರಟೆ. ಮೂರು ಗಂಟೆಗೆ ಹಾಲ್ ಟಿಕೆಟ್."

ಮಾನಸ ಕನ್ನಡದವಳೇ ಆದರೂ ಹುಟ್ಟಿ ಬೆಳೆದದ್ದು ವಿಶಾಖಪಟ್ಟಣದ ನೌಕಾಪಡೆಯ ಕ್ವಾರ್ಟರ್ಸಿನಲ್ಲಿ. ಗಾಬರಿಯಾದಾಗ ಅವಳ ಕನ್ನಡದ ಕ್ರಿಯಾಪದಗಳಿಗೆ ತೆಲುಗಿನ ಬಾಲ ಬೆಳೆಯುತ್ತಿತ್ತು.

"ತರಬೇಡಂಡಿ ಮೇಡಂ. ವಾಪಸ್ ಇಟ್ಬಿಡಂಡಿ. ಎಲ್ಲಿತ್ತೋ ಅಲ್ಲೇ."

"ಏನು?"

"ಸೋಮವಾರದವರೆಗೆ ಅದು ಅಲ್ಲೇ ಇರಬೇಕು. ಅದಕ್ಕೇ ನಾನು ಆ ಲೆಟರ್ ಬರ್ಕೊಟ್ಟಿದ್ದು. ಸಾರ್ ಧೈರ್ಯವಾಗಿರಲಿ, ಅದನ್ನ ಮುಟ್ಟದೇ ಇರಲಿ ಅಂತ."

"ಸೋಮವಾರದವರೆಗಾ? ಸೋಮವಾರ ನಿನಗೆ ಪರೀಕ್ಷೆ ಮಾನಸ."

"ಪರೀಕ್ಷೆ ಮುಂದಿನ ವರ್ಷಾನೂ ಇರುತ್ತಲ್ಲ ಮೇಡಂ."

"ಅದು ಇಲ್ಲಿದೆ ಅಂತ ನಿನಗೆ ಹೇಗೆ ಗೊತ್ತು? ಸೋಮವಾರ ಯಾರು ಬರ್ತಾರೆ?"

"ಬರೆದವರೇ ಮೇಡಂ, ಶಾರದಾ ಅವರು. ನನಗೆ ಹೇಳಿದ್ದೂ ಅವರೇ..."

ಫೋನು ಕಟ್ಟಾಯಿತು. ಮತ್ತೆ ಒತ್ತಿದರೆ ಸ್ವಿಚ್ ಆಫ್.

ಅಡುಗೆಮನೆಯ ಸದ್ದು ನಿಂತಿತ್ತು, ಫೋನಿನ ಮಾತು ಅಲ್ಲಿಗೆ ಕೇಳಿಸಿರಬೇಕು. ಹೇಮಾಕ್ಷಿ ಕೈಯಲ್ಲಿದ್ದ ಕಪ್ಪು ರಟ್ಟನ್ನು ನೋಡಿದಳು. ಕದ್ದವರು ತಗೊಂಡು ಹೋಗು ಅನ್ನುತ್ತಾರೆ, ಕದ್ದಳೆನಿಸಿಕೊಂಡವಳು ಅಲ್ಲೇ ಇಡು ಅನ್ನುತ್ತಾಳೆ. ತಾನು ಇದನ್ನು ಬಗಲಿಗೇರಿಸಿಕೊಂಡು ಹೊರಟರೆ ಉಳಿಯುವುದು ಒಂದು ಮುದ್ರೆ ಮತ್ತು ಹುಡುಗಿಯ ತಪ್ಪೊಪ್ಪಿಗೆ. ಈ ಕಪಾಟಿನಲ್ಲಿ, ಈ ಎರಡು ಪುಸ್ತಕಗಳ ನಡುವೆ ಇದ್ದರೆ ಮಾತ್ರ ಇದು ಕದ್ದವರು ಯಾರೆಂಬುದಕ್ಕೆ ಸಾಕ್ಷಿ. ಹದಿನೈದು ವರ್ಷ ಗ್ರಂಥಾಲಯದಲ್ಲಿ ದುಡಿದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಓಂಕಾರಪ್ಪನವರು ಪ್ಲಾಸ್ಟಿಕ್ ಚೀಲ ಹಿಡಿದು ಬಂದಾಗ ಅವಳು ಪ್ರಬಂಧವನ್ನು ಅದರ ಸಂದಿಯೊಳಗೆ ಪೂರ್ತಿ ತಳ್ಳಿ, ಬೆನ್ನುಗಳನ್ನು ಸಮ ಮಾಡುತ್ತಿದ್ದಳು.

"ಯಾಕ್ರಿ?"

"ಇವತ್ತು ಬೇಡ ಸಾರ್. ವಿಜಯವಾಡದಿಂದಲೇ ಒಬ್ಬರು ಬಂದು ತಗೊಂಡ್ರೆ ಕಾಗದಪತ್ರ ಸರಿಯಿರುತ್ತೆ. ಸೋಮವಾರ ಬರ್ತೀವಿ."

ಅವರು ಚೀಲವನ್ನು ಎರಡು ಮಡಿಕೆ ಮಾಡಿದರು, ನಾಲ್ಕು ಮಡಿಕೆ ಮಾಡಿದರು, ಟೀಪಾಯಿಯ ಮೇಲಿಟ್ಟರು. ಆಮೇಲೆ ಎಂದಿನ ಮೇಷ್ಟ್ರ ನಿಧಾನದಲ್ಲಿ ಹೇಳಿದರು:

"ಸೋಮವಾರ ಈ ಮನೆಯಾಗೆ ಒಂದು ಕಡ್ಡೀನೂ ಇರಲ್ಲ ಹೇಮಾಕ್ಷಿಯವ್ರೇ. ರಾಜೀನಾಮೆ ಕೊಟ್ಟು ಎಂಟು ದಿನ ಆತು. ನಾಳೆ ಬೆಳಿಗ್ಗೆ ಲಾರಿ ಬರುತ್ತೆ, ಈ ಪುಸ್ತಕಗಳನ್ನೇ ಮೊದಲು ಹೇರೋದು." ಅವಳ ಕೈಯಲ್ಲಿದ್ದ ಮೊಬೈಲನ್ನು ನೋಡಿದರು. "ಪಾಪ, ಆ ಹುಡುಗಿಗೆ ಇದನ್ನ ಯಾರೂ ಹೇಳಿಲ್ಲ ಅಂತ ಕಾಣುತ್ತೆ."